ನಳ ಆಮ್ಯಾಲೆ, ಮೊದಲ ಗಟಾರ

ಸಿಟ್ಟಿನ್ಯಾಗ ಬರ್ಯಾಕತ್ತೇನಿ, ಮಾತು ಬಿರುಸಾದ್ರ ಹೊಟ್ಟ್ಯಾಗ ಹಾಕ್ಕೋರಿ.

ಹುಬ್ಬಳ್ಳಿಯ ಒಂದು ಓಣಿ. ಹೆಸರು ಬ್ಯಾಡ, ನಿಮ್ಮ ಓಣಿ ಅಂತನ ತಿಳ್ಕೋರಿ. ಸಿಸಿ ರಸ್ತೆ ಹಾಕಿ ಇನ್ನೂ ವರ್ಷ ತುಂಬಿಲ್ಲ. ಇವತ್ತ ಮುಂಜಾನೆ ಅದಕ್ಕ ಕಟರ್ ಹಚ್ಚಿ ಕೊರದು, ಜೆಸಿಬಿ ತಂದು ಯುಜಿಡಿ (ನೆಲದೊಳಗಿನ ಒಳಚರಂಡಿ) ಪೈಪಿಗಂತ ತಗ್ಗು ತೆಗ್ಯಾಕತ್ತಿದ್ರು. ಜೆಸಿಬಿ ಹಲ್ಲು ನಳದ ಪೈಪಿಗೆ ತಾಕಿತು, ಪೈಪು ಸೀಳಿತು. ಒಬ್ಬ ಹುಡುಗ ಬಂದ, ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ, ಮ್ಯಾಲ ಬೈಂಡಿಂಗ್ ವೈರ್ ಬಿಗಿದ, ಕೈ ಜಾಡಿಸಿ ಎದ್ದ. ತಗ್ಗಿನ ತಳದಾಗ ಗಟಾರದ ಕರೀ ನೀರು ಮೊಣಕಾಲ ಮಟ ನಿಂತಿತ್ತು. ಟ್ಯೂಬಿನ ಗಂಟು ಆ ನೀರಾಗ ಮುಳುಗೇ ಇತ್ತು. ಸುತ್ತಲೂ ನಿಂತ ಹಿರ್ಯಾರು "ಸೋರೂದು ನಿಂತಿತು ಬಿಡ್ರಿ" ಅಂದ್ರು.

ಸೋರೂದು ನಿಂತದ್ದಲ್ರೀ, ದಿಕ್ಕು ಬದಲಾಗೇತಿ. ನೀರು ಬಿಟ್ಟಾಗ ಪೈಪಿನೊಳಗ ಒತ್ತಡ ಇರತೈತಿ, ಒಳಗಿನದು ಹೊರಗ ಸೋರತೈತಿ. ವಾಲ್ವ್ ಬಂದ್ ಮಾಡಿದ ಮ್ಯಾಲ ಪೈಪಿನ ನೀರು ತಗ್ಗಿನ ಮನಿಗಳ ಕಡೆ ಇಳದು ಹೋಗತೈತಿ. ಅದರ ಹಿಂದ ಪೈಪು ಖಾಲಿ ಆಗಿ ಸ್ಟ್ರಾ ಇದ್ಧಂಗ ಹೀರತೈತಿ. ಎಲ್ಲಿ ಸಂದು ಐತಿ ಅಲ್ಲಿಂದ, ಸುತ್ತ ಏನ ನಿಂತಿರತೈತಿ ಅದನ್ನ. ವಾರದಾಗ ಮೂರು ತಾಸು ನೀರು ಬರತೈತಿ ಅಂದ್ರ ಮಿಕ್ಕಿದ 165 ತಾಸು ಆ ಪೈಪು ಗಟಾರದ ಜೋಡಿ ಸಂಸಾರ ಮಾಡಿರತೈತಿ. ಮುಂದ ನಳದಾಗ ಹಳದಿ ನೀರು ಬಂದ್ರ "ಶುದ್ಧೀಕರಣ ಘಟಕದಾಗ ಏನೋ ಎಡವಟ್ಟು" ಅಂತ ಬೈತೀವಿ. ಅಮ್ಮಿನಭಾವಿ ಘಟಕದಾಗ ಎಷ್ಟ ಚಂದ ಸೋಸಿದ್ರೂ ನಿಮ್ಮ ಓಣಿ ಗಟಾರದ ಒಳಗ ಹಾಯ್ದು ಬರೋ ಜಿಐ ಪೈಪಿಗೆ ಅದರ ಪರಿವೆ ಇಲ್ಲ. ನಳದ ತುದಿಗೆ ಒಂದು ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮ ಐತಿ. ಒಂದು ಚಮಚ ಹೊಲಸು ಹೊಕ್ಕರ ಆ ಕ್ಲೋರಿನ್ನು ಅಲ್ಲೇ ತೀರಿಹೋಗತೈತಿ.

ನನ್ನ ತಕರಾರು ಆ ಹುಡುಗನ ಮ್ಯಾಲ ಅಲ್ಲ. ಅವಗ ಕೊಟ್ಟಿದ್ದು ಟ್ಯೂಬು, ಅಂವ ಸುತ್ತಿದ. ತಕರಾರು ಯಾವುದು ಮೊದಲ, ಯಾವುದು ಆಮ್ಯಾಲೆ ಅನ್ನೋದರ ಮ್ಯಾಲ. ಒಂದು ಓಣಿಗೆ ಕೆಲಸ ಮಾಡಬೇಕಾದ್ರ ಎಲ್ಲಕಿಂತ ಆಳ ಹೋಗೂದು ಒಳಚರಂಡಿ. ಒಂದೂವರಿ ಮೀಟರ್‌ನಿಂದ ಮೂರು ಮೀಟರ್, ಕೆಲವು ಕಡೆ ಇನ್ನೂ ಆಳ. ಅದು ಇಳಿಜಾರಿನ ಮ್ಯಾಲ ಹರಿಯೂ ಪೈಪು, ನಾವು ಹೇಳಿದಲ್ಲಿ ಹೊರಳೂದಿಲ್ಲ. ಅದಕ್ಕ ಅದು ಮೊದಲ, ಅದೂ ಊರಿನ ತಗ್ಗಿನ ತುದಿಯಿಂದ ಶುರು ಮಾಡಿ ಮ್ಯಾಲಕ್ಕ ಬರಬೇಕು. ಆಮ್ಯಾಲೆ ಮಳೆನೀರಿನ ಗಟಾರ. ಆಮ್ಯಾಲೆ ನಳದ ಪೈಪು, ಒಂದು ಮೀಟರ್ ಮಣ್ಣು ಮ್ಯಾಲ ಇರೋ ಹಂಗ. ಒಳಚರಂಡಿಯಿಂದ ಅಡ್ಡಕ್ಕ ಮೂರು ಮೀಟರ್ ದೂರ ಇರಬೇಕು, ಒಂದನ್ನೊಂದು ದಾಟೋ ಜಾಗದಾಗ ಅರ್ಧ ಮೀಟರ್ ಮ್ಯಾಲಿರಬೇಕು ಅಂತ ಕೇಂದ್ರದ ಕೈಪಿಡಿನ ಹೇಳತೈತಿ. ನಮ್ಮ ಓಣಿಯ ಅಗಲನ ಮೂರು ಮೀಟರ್ ಇಲ್ಲ ಅನ್ರಿ, ಹಂಗಾದ್ರ ಎತ್ತರದ ಅಂತರನರೇ ಕಾಯ್ಕೋರಿ. ಎಲ್ಲಾ ಮನಿಗೂ ಎರಡೂ ಜೋಡಣೆ ಕೊಟ್ಟು, ನೀರು ತುಂಬಿ ಪರೀಕ್ಷೆ ಮಾಡಿ, ಆಮ್ಯಾಲೆ ರಸ್ತೆ.

ನಾವು ಮಾಡೂದು? ಮೊದಲ ರಸ್ತೆ. ಯಾಕಂದ್ರ ಅದು ಕಾಣತೈತಿ. ಆಮ್ಯಾಲೆ ನಳ, ಯಾಕಂದ್ರ ಓಟು ಬರತೈತಿ. ಕಡೀಕ ಗಟಾರ, ಯಾಕಂದ್ರ ನಾತ ತಡಕೊಳ್ಳಾಕ ಆಗೂದಿಲ್ಲ. ಪ್ರತಿ ಸಲ ಹಿಂದಿನದನ್ನ ಒಡದು ಮುಂದಿಂದು.

ನೀರಿನ ಟಾಕಿಗೆ ರಿಬ್ಬನ್ ಕತ್ತರಿಸಿದ ಫೋಟೋ ನೂರು ತೋರಸ್ತೇನಿ. ಒಂದು ಮನಿಯ ಚೇಂಬರ್ (ಹೊಲಸು ನೀರು ಕೂಡೋ ಗುಂಡಿ) ಯುಜಿಡಿಗೆ ಕೂಡಿತು ಅಂತ ಯಾರರೇ ತೆಂಗಿನಕಾಯಿ ಒಡದದ್ದು ಕಂಡೀರೇನು? ಖರೇ ಹೇಳಬೇಕಂದ್ರ, ದೊಡ್ಡ ಟಾಕಿ ಕಟ್ಟಿದ್ರ ಊರಿನ ನೀರಿನ ಕಥಿ ಮುಗೀತು ಅಂತ ನಂಬಿದವರಾಗ ನಾನೂ ಒಬ್ಬ. ನಾಚಿಕಿ ಬರತೈತಿ.

ಈಗ ಕಮೆಂಟ್‌ನ್ಯಾಗ ಬರೂದು ಗೊತ್ತೈತಿ: "ಕುಡಿಯಾಕ ಹನಿ ನೀರಿಲ್ಲ, ಇಂವಂದು ಗಟಾರದ ಪುರಾಣ." ಹೌದ್ರಿ, ಬಿಂದಿಗಿ ಸಾಲು ನಾನೂ ಕಂಡೇನಿ. ಆದ್ರ ಲೆಕ್ಕ ಹಾಕೂಣು. 2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡದ ಮಂದಿ 9.43 ಲಕ್ಷ. ಲೆಕ್ಕಕ್ಕ ಸಸಾರ ಆಗಲಿ, 10 ಲಕ್ಷ ಹಿಡೀರಿ. ತಲಿಗೆ ದಿನಕ್ಕ 135 ಲೀಟರ್ ಅನ್ನೂದು ಮಾನದಂಡ. ಅಷ್ಟು ಕೊಟ್ರಿ ಅಂದ್ರ 13.5 ಕೋಟಿ ಲೀಟರ್. ಅದರಾಗ ನೂರಕ್ಕ ಎಂಬತ್ತು ಬಚ್ಚಲ, ಸಂಡಾಸ, ಮುಸುರಿ ಆಗಿ ಹೊರಗ ಬರತೈತಿ: ದಿನಕ್ಕ 10.8 ಕೋಟಿ ಲೀಟರ್. ವರ್ಷಕ್ಕ ಕೂಡಿಸಿದ್ರ ಹತ್ರ ಹತ್ರ 1.4 ಟಿಎಂಸಿ. 2018ರ ಮಹದಾಯಿ ನದಿ ತೀರ್ಪಿನ್ಯಾಗ, ಮಲಪ್ರಭೆಗೆ ನೀರು ತಿರುವೋ ಕಳಸಾ ಯೋಜನೆಗೆ ಸಿಕ್ಕಿದ್ದು 1.72 ಟಿಎಂಸಿ, ಬಂಡೂರಿಗೆ 2.18. ನವಲಗುಂದ, ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕುಂತಿದ್ದು ಇಂಥಾ ಅಂಕಿ ಸಲುವಾಗಿ. ಆ ನೀರು ಬರಲಿ, ಬರಾಕ ಬೇಕು. ಆದ್ರ ಕಳಸಾದ ಪಾಲಿನ ಸಮೀಪಕ್ಕ ಬರೋ ಅಷ್ಟು ನೀರನ್ನ ನಾವ ಹೊಲಸು ಮಾಡತೀವಿ, ಅದರಾಗ ಸೋಸದ ಪಾಲನ್ನ ನಾಲಾಕ್ಕ ಬಿಡತೀವಿ, ಅದರ ಬಗ್ಗೆ ಒಂದು ಬ್ಯಾನರ್ ಇಲ್ಲ.

ಬಿಟ್ಟದ್ದು ಎಲ್ಲಿ ಹೋಗತೈತಿ ಗೊತ್ತೈತಿ ಅಲ್ಲ? ಉಣಕಲ್ ಕೆರಿಯಿಂದ ಇಳಿಯೋ ನಾಲಾ ಊರಿನ ಹೊಟ್ಟಿ ಸೀಳಿಕೊಂಡು ಗಬ್ಬೂರಿನ ಕಡೆ ಹೋಗತೈತಿ, ಮುಂದ ಬೆಣ್ಣಿಹಳ್ಳ, ಬೆಣ್ಣಿಹಳ್ಳ ಹೋಗಿ ಸೇರೂದು ಮಲಪ್ರಭೆಗೆ. ಸವದತ್ತಿ ನವಿಲುತೀರ್ಥದಿಂದ ಮಲಪ್ರಭೆ ನೀರು ಎತ್ತಿ ತರತೀವಿ, ಕುಡದು, ಮಿಂದು, ಅದ ಮಲಪ್ರಭೆಗೆ ಕೆಳಗ ಹೊಲಸು ಮಾಡಿ ವಾಪಸ್ ಕೊಡತೀವಿ. ಬೆಣ್ಣಿಹಳ್ಳದ ದಂಡಿ ಊರವರು ನಮ್ಮನ್ನ ಏನಂತ ನೆನಸ್ತಾರೋ. ಧಾರವಾಡದವರು ಬೀಗಬ್ಯಾಡ್ರಿ. ಕೆಲಗೇರಿ ಕೆರಿ ಒಂದ ಕಾಲಕ್ಕ ಧಾರವಾಡಕ್ಕ ಕುಡಿಯೋ ನೀರು ಕೊಟ್ಟದ್ದು. ಈಗ ಹೋಗಿ ಬೊಗಸಿ ಒಡ್ರಿ ನೋಡೂಣು.

ಧಾರವಾಡದ್ದು ಇನ್ನೊಂದು ತೊಡಕು. ಅದು ದಿಬ್ಬದ ಮ್ಯಾಲಿನ ಊರು, ಜಲವಿಭಜಕದ ಮ್ಯಾಲ ಕುಂತೈತಿ. ಒಂದು ಕಡೆ ಬಿದ್ದ ಮಳಿ ಶಾಲ್ಮಲೆ, ಬೇಡ್ತಿ ಹಿಡದು ಪಡುವಣ ಸಮುದ್ರಕ್ಕ, ಇನ್ನೊಂದು ಕಡೆ ಬಿದ್ದದ್ದು ಮೂಡಣಕ್ಕ. ಇಂಥಾ ಊರಾಗ ಎಲ್ಲಾ ಹೊಲಸನ್ನ ಒಂದ ಎಸ್‌ಟಿಪಿಗೆ (ಹೊಲಸು ನೀರು ಸೋಸೋ ಘಟಕಕ್ಕ) ಹರಸ್ತೇನಿ ಅಂದ್ರ ನಡುವ ಪಂಪು ಕುಂಡ್ರಸಬೇಕು. ಪಂಪಿಗೆ ಕರೆಂಟು ಬೇಕು, ಕರೆಂಟು ಹ್ವಾದ್ರ ಪಂಪಿನ ಹೊಲಸು ನೀರಿನ ಬಾವಿ ಉಕ್ಕತೈತಿ. ಅದಕ್ಕ ಇಳಿಜಾರು ನೋಡಿ ಸಣ್ಣ ಸಣ್ಣ ಘಟಕ ಮಾಡೂದು ಶಾಣ್ಯಾತನ. ವಾರ್ಡಿನ ಗಡಿಗೂ ನೀರು ಹರಿಯೋ ಗಡಿಗೂ ಸಂಬಂಧ ಇಲ್ಲ, ಆದ್ರ ಯೋಜನೆ ಮಾಡೂದು ವಾರ್ಡಿನ ನಕಾಶೆ ಹಿಡಕೊಂಡ.

ಎಸ್‌ಟಿಪಿ ಇಲ್ಲೇನು, ಐತಿ ಅಲ್ಲ ಅಂತೀರಿ. ಐತಿ. ಬೋರ್ಡಿನ ಮ್ಯಾಲ ಎಷ್ಟು ಎಂಎಲ್‌ಡಿ (ಒಂದು ಎಂಎಲ್‌ಡಿ ಅಂದ್ರ ದಿನಕ್ಕ ಹತ್ತು ಲಕ್ಷ ಲೀಟರ್) ಅಂತ ಬರದೈತಿ ಅನ್ನೂದನ್ನ ಕೇಳಬ್ಯಾಡ್ರಿ, ಇವತ್ತ ಪೈಪಿನ್ಯಾಗ ಎಷ್ಟು ಬಂತು ಕೇಳ್ರಿ. ಮನಿ ಚೇಂಬರ್ ಯುಜಿಡಿಗೆ ಕೂಡದಿದ್ರ ಎಸ್‌ಟಿಪಿ ಅಂದ್ರ ಹಳಿ ಇಲ್ಲದ ಸ್ಟೇಷನ್ನು. ಇಲ್ಲೇ ನೋಡ್ರಿ ಅಸಲಿ ತೊಂದರಿ. ಒಳಚರಂಡಿ ಪೈಪಿನ್ಯಾಗ ಹೊಲಸು ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಾಗ ಓಡಬೇಕು, ಅಂದ್ರನ ಉಸುಕು, ಜಿಡ್ಡು, ಹೇಲು ಹೊತಗೊಂಡು ಹೋಗತೈತಿ. ನೂರು ಮನಿ ಲೆಕ್ಕಕ್ಕ ಪೈಪು ಹಾಕಿ ಮೂವತ್ತು ಮನಿ ಅಷ್ಟ ಕೂಡಿದ್ರ ಪೈಪಿನ ತಳದಾಗ ಬೆರಳು ದಪ್ಪ ನೀರು ತೆವಳತೈತಿ. ಗಟ್ಟಿ ಪದಾರ್ಥ ಅಲ್ಲೇ ಕುಂಡ್ರತೈತಿ. ಆರು ತಿಂಗಳಿಗೆ ಮ್ಯಾನ್‌ಹೋಲ್ ಉಕ್ಕತೈತಿ, "ಯುಜಿಡಿ ಕೆಲಸಕ್ಕ ಬಾರದ್ದು" ಅಂತ ಉಳಿದ ಎಪ್ಪತ್ತು ಮನಿಯವರು ಇನ್ನೂ ದೂರ ಸರೀತಾರ. ಸುತ್ತು ಹಂಗ ಬೆಳೀತೈತಿ. ಕಟ್ಟಿದ ಪೈಪು ತೆರವು ಮಾಡೋ ಜೆಟ್ಟಿಂಗ್ ಮಷಿನ್ ಸಂದಿ ಓಣಿಗೆ ಹೋಗೂದಿಲ್ಲ. ಕಡೀಕ ಒಬ್ಬ ಬಡವನ್ನ ಒಳಗ ಇಳಸಾಕ ನೋಡತಾರ. ಕೈಯಿಂದ ಮಲ ಬಳಿಸೂದನ್ನ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಸತ್ತರ ಮನಿಯವರಿಗೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಾಗ ಹೇಳೈತಿ. ಒಳಗಿನ ಗ್ಯಾಸಿಗೆ ಮನುಷ್ಯ ಎರಡು ಉಸಿರಿನ್ಯಾಗ ಬೀಳತಾನ. ಮನಿ ಜೋಡಣೆಗೆ ರೊಕ್ಕ ಇಡಲಿಲ್ಲ ಅನ್ನೋ ಒಂದು ಸಣ್ಣ ಕೊರತಿ ಅಲ್ಲಿ ತನಕಾ ಮುಟ್ಟತೈತಿ.

ಮನಿ ಜೋಡಣೆ ಅಂದ್ರ ದೊಡ್ಡ ವಿದ್ಯೆ ಏನೂ ಅಲ್ಲ. ಬಚ್ಚಲ ನೀರಿಗೆ ಒಂದು ಗಲ್ಲಿ ಟ್ರ್ಯಾಪ್, ಇಲ್ಲಂದ್ರ ನಾತ, ಜೊಂಡಿಗ್ಯಾ ಎರಡೂ ಮನಿಯೊಳಗ. ಕಾಂಪೌಂಡ್ ಹತ್ರ ಒಂದು ಚೇಂಬರ್. ಅಲ್ಲಿಂದ ಮ್ಯಾನ್‌ಹೋಲ್‌ಗೆ 110 ಮಿ.ಮೀ ಪಿವಿಸಿ ಪೈಪು, 60 ಅಡಿಗೆ ಒಂದಡಿ ಇಳಿಜಾರು. ಕೆಡೂದು ಎಲ್ಲಿ? ಗೌಂಡಿ ಲೆವೆಲ್ ಪಟ್ಟಿ ಬಳಸೂದಿಲ್ಲ, ಕಣ್ಣಳತಿ. ಪೈಪಿನ ಮೂತಿ ಮ್ಯಾನ್‌ಹೋಲಿನ ಗೋಡಿ ದಾಟಿ ಒಳಗ ಚಾಚಿರತೈತಿ, ಅದಕ್ಕ ಬಟ್ಟಿ, ಗುಟ್ಕಾ ಪಾಕೀಟು ಸಿಕ್ಕೊಂಡು ಗೂಡು ಕಟ್ಟತೈತಿ. ಅದಕಿಂತ ದೊಡ್ಡ ಪಾಪ, ಮಾಳಗಿ ಮ್ಯಾಲಿನ ಮಳೆನೀರಿನ ಪೈಪನ್ನ ಅದ ಚೇಂಬರಿಗೆ ಬಿಡೂದು. ನೂರು ಚದರ ಮೀಟರ್ ಮಾಳಗಿ, ತಾಸಿನ್ಯಾಗ 30 ಮಿ.ಮೀ ಮಳಿ, 3,000 ಲೀಟರ್! ಆ ಮನಿಯ ಎಲ್ಲಾರೂ ಕೂಡಿ ನಾಕೈದು ದಿನ ಬಳಸೋ ನೀರು ಒಂದ ತಾಸಿನ್ಯಾಗ ಒಳಚರಂಡಿಗೆ. ಮೃಗಶಿರಾ ಮಳಿಗೆ ಮ್ಯಾನ್‌ಹೋಲ್ ಮುಚ್ಚಳ ಕುಣಿಯೂದು ಸುಮ್ನ ಅಲ್ಲ. ಅದ ಮಳೆನೀರು ಸಂಪಿಗೆ ಬಿಟ್ಟಿದ್ರ ಟ್ಯಾಂಕರ್ ರೊಕ್ಕ ಉಳೀತಿತ್ತು. ಹೇಳಿದ್ರ ನಾನ ಕೆಟ್ಟವ.

ಇನ್ನ ನಮ್ಮ ಎರಿ ಮಣ್ಣು. ಮಳಿಗಾಲಕ್ಕ ಉಬ್ಬತೈತಿ, ಮಾರ್ಚಿಗೆ ಕೈ ತೂರೋ ಅಷ್ಟು ಬಿರಿತೈತಿ. ಪೈಪಿನ ಕೆಳಗ 100ರಿಂದ 150 ಮಿ.ಮೀ ಉಸುಕಿನ ಹಾಸಿಗಿ, ಸುತ್ತಲೂ ಉಸುಕು, ಆಮ್ಯಾಲೆ ಮುರುಮು ಹಾಕಿ ಗೇಣು ಗೇಣು ಪದರಾ ನಾದಿ ಮುಚ್ಚಬೇಕು. ಅಗದ ಎರಿ ಮಣ್ಣನ್ನ ಹಂಗ ವಾಪಸ್ ದಬ್ಬಿದ್ರ ಎರಡು ಬ್ಯಾಸಗಿ ಕಳಿಯೂದರಾಗ ಜಾಯಿಂಟು ಬಾಯಿ ಬಿಡತೈತಿ. ಇಂಗುಗುಂಡಿನೂ ಎರಿ ಮಣ್ಣಿನ್ಯಾಗ ಇಂಗೂದಿಲ್ಲ. ಅದಕ್ಕ ಹೊಸ ಲೇಔಟಿನ ಮಂದಿ ಸೆಪ್ಟಿಕ್ ಟ್ಯಾಂಕಿನ ಬಾಯಿ ಸೀದಾ ಗಟಾರಕ್ಕ ತಿರುವತಾರ. ಅವರನ್ನ ಬೈಯೂದಕಿಂತ ಮೊದಲ, ಯುಜಿಡಿ ಹೋಗದ ಕಡೆ ಲೇಔಟಿಗೆ ಯಾಕ ಒಪ್ಪಿಗಿ ಕೊಟ್ರಿ ಅಂತ ಕೇಳಬೇಕು.

ನಳದ ಮಾತೂ ಆಡೇ ಬಿಡತೇನಿ. ಜೋಳದ ಕಾಳು ಹಿಡಿಯೋ ಅಷ್ಟು ತೂತು, 4 ಮಿ.ಮೀ. ಒತ್ತಡ ಬರೇ 10 ಮೀಟರ್ ಎತ್ತರದ ನೀರಿನಷ್ಟು. ದಿನಾ ಪೂರ್ತಿ ನೀರಿದ್ರ ಅದರಿಂದ ಹೋಗೂದು 9,000 ಲೀಟರ್, ಅರವತ್ತಾರು ಮಂದಿ ಪಾಲು. ನೀರು ಸುಮ್ನ ಬಂದದ್ದೂ ಅಲ್ಲ. ನವಿಲುತೀರ್ಥದ ತುಂಬಿದ ಮಟ್ಟ ಸಮುದ್ರದಿಂದ 633 ಮೀಟರ್ ಚಿಲ್ಲರ, ಧಾರವಾಡ 700ರ ಮ್ಯಾಲ. ಸಾವಿರ ಲೀಟರ್ ನೀರನ್ನ 100 ಮೀಟರ್ ಎತ್ತಾಕ, ಪಂಪಿನ ನಷ್ಟ ಹಿಡದು, ಸುಮಾರು 0.4 ಯೂನಿಟ್ ಕರೆಂಟು ಬೇಕು. ಕರೆಂಟು ಸುಟ್ಟು ಏರಿಸಿದ ನೀರನ್ನ ಜೋಳದ ಕಾಳಿನ ತೂತಿನ್ಯಾಗ ನೆಲಕ್ಕ ಕುಡಸ್ತೀವಿ.

ತೂತು ಹುಡುಕೂದು ಹ್ಯಾಂಗ? ಒಂದು ಭಾಗದ ಗಡಿ ವಾಲ್ವ್ ಎಲ್ಲಾ ಬಂದ್ ಮಾಡಿ, ಒಂದ ಬಾಗಲದಾಗ ಮೀಟರ್ ಇಟ್ಟು, ರಾತ್ರಿ 2ರಿಂದ 4ರ ತನಕಾ ಓದ್ರಿ. ಮಂದಿ ಮಲಗಿರತಾರ, ಆವಾಗ ಹರಿಯೂದರಾಗ ಬಹಳಷ್ಟು ಸೋರಿಕಿನ. ಆಮ್ಯಾಲೆ ಒಂದೊಂದ ಓಣಿ ಬಂದ್ ಮಾಡ್ಕೋತ ಹೋದ್ರ ಯಾವ ಓಣ್ಯಾಗ ಅಂಕಿ ಧಪ್ಪಂತ ಇಳೀತೈತಿ, ಕಳ್ಳ ಅಲ್ಲಿದ್ದಾನ. ಇದಕ್ಕ ನೀರು ಸದಾ ಇರಬೇಕು. ವಾರಕ್ಕೊಮ್ಮೆ ಬಿಡೋ ಊರಾಗ ಆಗೂದಿಲ್ಲ. 2008ರಾಗ ವಿಶ್ವಬ್ಯಾಂಕ್ ನೆರವಿನ್ಯಾಗ ನಮ್ಮ ಊರಿನ ಕೆಲವು ವಾರ್ಡಿಗೆ 24 ತಾಸು ನೀರು ಕೊಟ್ಟು ತೋರಿಸಿದ್ರು, ಬೆಳಗಾವಿ, ಕಲಬುರಗಿ ಜೋಡಿ. ಆ ವಾರ್ಡುಗಳಾಗ ಹಳೇ ಪೈಪು ಕೈಬಿಟ್ಟು ಹೊಸ ಜಾಲ, ಮನಿಮನಿಗೆ ಹೊಸ ಜೋಡಣೆ, ಮೀಟರ್. ಗುಟ್ಟು ಇದ್ದದ್ದು ಮನಿ ಜೋಡಣ್ಯಾಗ. ಅದನ್ನ ಬಿಟ್ಟು ನಾವು ಇಪ್ಪತ್ನಾಕು ಅನ್ನೋ ಅಂಕಿ ಅಷ್ಟ ಹಾಡ್ಕೋತ ಬಂದ್ವಿ.

ಗದಗ, ಹಾವೇರಿ ಗೆಳೆಯರು ನಗಬ್ಯಾಡ್ರಿ. ತುಂಗಭದ್ರೆಯಿಂದ ನಿಮಗ ನೀರು ಬರತೈತಿ, ಅದು ಬಳಸಿದ ಮ್ಯಾಲ ಎಲ್ಲಿ ಹೋಗತೈತಿ ಅಂತ ನಿಮ್ಮ ಊರಾಗೂ ಕೇಳಿ ನೋಡ್ರಿ.

"ಜನಾನ ಜೋಡಣೆ ತಗೊಳ್ಳೂದಿಲ್ಲ, ರೊಕ್ಕ ಕೊಡೂದಿಲ್ಲ" ಅನ್ನೂದು ಇನ್ನೊಂದು ರಾಗ. ರಸ್ತೆ ಅಗಿಯೂ ಖರ್ಚು ಮನಿಯವರ ತಲಿಗೆ ಕಟ್ಟಿದ್ರ ಯಾರು ಬರತಾರ? ಟೆಂಡರಿನ್ಯಾಗ ಮನಿ ಚೇಂಬರ್ ತನಕಾ ಸೇರಿಸ್ರಿ. ಗುತ್ತಿಗೆದಾರಗ ಬಿಲ್ಲು ಪೈಪಿನ ಮೀಟರ್ ಲೆಕ್ಕದಾಗ ಅಲ್ಲ, ಕೂಡಿದ ಮನಿ ಲೆಕ್ಕದಾಗ ಕೊಡ್ರಿ. ಮರುದಿನನ ಆಟ ಬದಲಾಗತೈತಿ.

ಇಷ್ಟು ಬರಿಯೂದರಾಗ ಸಂಜಿ ಆತು. ಆ ತಗ್ಗು ಮುಚ್ಚ್ಯಾರ, ಅದ ಎರಿ ಮಣ್ಣು, ಟ್ಯೂಬಿನ ಗಂಟು ಒಳಗ. ನಾಳೆ ಆ ಓಣಿಗೆ ನೀರಿನ ಪಾಳಿ. ಅಲ್ಲಿನವರು ಯಾರರೇ ಇದನ್ನ ಓದಿದ್ರ, ಮೊದಲ ಹತ್ತು-ಹದಿನೈದು ನಿಮಿಷದ ನೀರು ತುಂಬಬ್ಯಾಡ್ರಿ, ಗಿಡಕ್ಕ ಹಾಕ್ರಿ. ಕುಡಿಯೂದನ್ನ ಕುದಿಸಿ ಕುಡೀರಿ. ನೀರಾಗ ಹೊಲಸಿನ ಕ್ರಿಮಿ ಐತೇನು ಅಂತ ನೋಡಾಕ ಎಚ್‌ಟುಎಸ್ ಬಾಟ್ಲಿ ಅಂತ ಸಿಗತೈತಿ, ಅದರಾಗ ಗೆರಿ ಮಟ ನಳದ ನೀರು ಹಾಕಿ ಬೆಚ್ಚಗಿನ ಜಾಗದಾಗ ಇಡ್ರಿ. ಒಂದೆರಡು ದಿನದಾಗ ಕರ್ರಗಾದ್ರ ಅದರ ಫೋಟೋ ಇಲ್ಲಿ ಕಮೆಂಟ್‌ನ್ಯಾಗ ಹಾಕ್ರಿ.