ಕಲ್ಪತರು ನಾಡಿನಲ್ಲಿ ಎಣ್ಣೆ ಬಂದ್

ನಮ್ಮ ತುಮಕೂರು ಕಡೆ ಮಗು ಹುಟ್ಟಿದರೆ ಮೊದಲು ನೆತ್ತಿಗೆ ಎಣ್ಣೆ, ಆಮೇಲೆ ಕುಲಾವಿ. ಹೆಸರಿಡುವುದೆಲ್ಲ ನಿಧಾನಕ್ಕೆ. ಅದರಲ್ಲೂ ನನ್ನ ಅತ್ತೆಯ ತವರು ತಿಪಟೂರಿನ ಪಕ್ಕದ ಹಳ್ಳಿ. ಅಲ್ಲಿ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಹೊತ್ತಿಗೆ ಉಂಡೆ ಕೊಬ್ಬರಿ ತಯಾರು. ಚೆನ್ನಾಗಿರುವ ಉಂಡೆಗಳು ತಿಪಟೂರಿನ ಎಪಿಎಂಸಿಗೆ ಹೋಗುತ್ತವೆ. ಒಡೆದದ್ದು, ಚೂರಾದದ್ದು ಗಾಣಕ್ಕೆ ಹೋಗಿ, ಅಲ್ಲಿಂದ ಐದು ಲೀಟರಿನ ಕ್ಯಾನು ಹತ್ತಿ ನಮ್ಮ ಮನೆಗೆ ಬರುತ್ತದೆ. ಮನೆಯಲ್ಲಿ ಹಾಲು ಖಾಲಿಯಾದದ್ದುಂಟು, ಗ್ಯಾಸ್ ಖಾಲಿಯಾದದ್ದುಂಟು. ಆ ಕ್ಯಾನು ಖಾಲಿಯಾದದ್ದನ್ನು ನಾನಂತೂ ಕಂಡಿಲ್ಲ.

ಇಂಥ ಮನೆಯಲ್ಲಿ ಏಳನೇ ಕ್ಲಾಸಿನ ಹುಡುಗನ ತಲೆ ಹೊಟ್ಟು ಉದುರಿಸಲು ಶುರು ಮಾಡಿತು. ಸ್ಕೂಲಿನ ಸ್ವೆಟರ್ ಕಡುನೀಲಿ. ಹೆಗಲ ಮೇಲೆ ಚಿರೋಟಿ ರವೆ ಜರಡಿ ಹಿಡಿದ ಹಾಗೆ ಕಾಣುತ್ತಿತ್ತು. ಕೆರೆದೂ ಕೆರೆದೂ ಕಿವಿಯ ಹಿಂದೆಲ್ಲ ಕೆಂಪಗಾಯಿತು, ಅಲ್ಲಲ್ಲಿ ಹಕ್ಕಳೆ ಕಟ್ಟಿತು. ಬಾಚಣಿಗೆ ಹಿಡಿದು ಹತ್ತಿರ ಹೋದರೆ ಸಾಕು, ಹುಡುಗ ಹಿತ್ತಿಲಿಗೆ ಓಟ.

ಅತ್ತೆ ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡಿದರು. ತೀರ್ಪು ಅರ್ಧ ನಿಮಿಷದಲ್ಲಿ ಬಂತು.

"ನೆತ್ತಿ ಒಣಗಿ ಹೋಗಿದೆ ಕಣಮ್ಮ. ಎಣ್ಣೆ ಸಾಲ್ತಿಲ್ಲ."

ಎಣ್ಣೆ ಜಾಸ್ತಿಯಾಯಿತು. ಹಚ್ಚಿದ ದಿನ ಹೊಟ್ಟೆಲ್ಲ ಕೂದಲಿಗೆ ಅಂಟಿಕೊಂಡು ಕಾಣೆಯಾಗುತ್ತಿತ್ತು, ಅತ್ತೆ ಗೆದ್ದೆ ಅಂದುಕೊಳ್ಳುತ್ತಿದ್ದರು. ಎರಡು ದಿನ ಬಿಟ್ಟು ನೋಡಿದರೆ ಇನ್ನಷ್ಟು ದಪ್ಪ ಪದರ. "ನೋಡಿದ್ಯಾ, ಎಷ್ಟು ಎಣ್ಣೆ ಹಾಕಿದ್ರೂ ಕುಡಿದುಬಿಡುತ್ತೆ ಈ ತಲೆ" ಅಂತ ಮತ್ತೆ ಕ್ಯಾನು ಬಗ್ಗಿಸುತ್ತಿದ್ದರು. ದಿಂಬಿನ ಕವರ್ ಒಗೆಯುವುದು ಯಾರು ಅಂತ ಯಾರೂ ಕೇಳಲಿಲ್ಲ.

ತಲೆಯ ವಿಷಯ ಬೀದಿಗೆ ಗೊತ್ತಾಗಲು ತಡವಾಗುವುದಿಲ್ಲ. ಎದುರುಮನೆಯವರು ಸೀರಣಿಗೆ ಹಿಡಿದುಕೊಂಡೇ ಬಂದರು. ಹುಡುಗನನ್ನು ಮೆಟ್ಟಿಲ ಮೇಲೆ ಬಿಸಿಲಿಗೆ ಕೂರಿಸಿ, ಬಿಳಿ ಪಂಚೆ ಹಾಸಿ, ಅರ್ಧ ಗಂಟೆ ಹೇನು ಹುಡುಕಿದರು. ಒಂದೂ ಸಿಗಲಿಲ್ಲ. "ಇರಬೇಕಿತ್ತಲ್ಲ" ಅಂತ ಬೇಜಾರು ಮಾಡಿಕೊಂಡು ಹೋದರು. ಹುಡುಗ ಮಾತ್ರ ಆ ಅರ್ಧ ಗಂಟೆಯಲ್ಲಿ ರಸ್ತೆಯಲ್ಲಿ ಹೋದ ಮೂವರು ಕ್ಲಾಸ್‌ಮೇಟುಗಳ ಕಣ್ಣಿಗೆ ಬಿದ್ದಿದ್ದ.

ನಮ್ಮ ಯಜಮಾನರು ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು. ತುಮಕೂರಿನಿಂದ ಹೊರಟ ರೈಲು ಯಶವಂತಪುರ ಮುಟ್ಟುವಷ್ಟರಲ್ಲಿ ಆ ಬೋಗಿಯಲ್ಲಿ ಬಗೆಹರಿಯದ ಕಾಯಿಲೆ ಇಲ್ಲ. ಹಿರೇಹಳ್ಳಿ ಹತ್ತಿರ ತಲೆಹೊಟ್ಟಿನ ಪ್ರಸ್ತಾಪವಾಗಿ, ದಾಬಸ್‌ಪೇಟೆ ದಾಟುವ ಹೊತ್ತಿಗೆ ನಿಂಬೆರಸ ಅಂತ ಸರ್ವಾನುಮತದಿಂದ ತೀರ್ಮಾನವಾಯಿತಂತೆ. ಭಾನುವಾರ ಬೆಳಿಗ್ಗೆ ನಾನು ಅಂತರಸನಹಳ್ಳಿ ಮಾರ್ಕೆಟ್‌ನಿಂದ ಚೀಲ ಹೊತ್ತು ಬರುವಾಗ ಬೀದಿಯ ತುದಿಗೇ ಕೂಗು ಕೇಳಿಸಿತು. ಕೆರೆದು ಗಾಯವಾದ ತಲೆಯ ಮೇಲೆ ಅಪ್ಪ ನಿಂಬೆಹಣ್ಣು ಹಿಂಡಿದ್ದರು. ಹುಡುಗ ತಲೆ ಹಿಡಿದುಕೊಂಡು ಅಂಗಳದಲ್ಲಿ ಸುತ್ತುತ್ತಿದ್ದ. ಅಪ್ಪ ಹಿಂದೆ ಹಿಂದೆ ಓಡುತ್ತಾ, "ಉರಿತಾ ಇದ್ರೆ ಕೆಲಸ ಮಾಡ್ತಿದೆ ಅಂತ ಕಣೋ" ಅನ್ನುತ್ತಿದ್ದರು. ಇದೂ ರೈಲಿನ ಮಾತೇ ಇರಬೇಕು.

ಉರಿ ಆರಿಸಲು ನಾದಿನಿ ಫೋನಿನಲ್ಲೇ ಮೊಸರು ಮೆಂತ್ಯ ಹೇಳಿದಳು. ನೆನೆಸಿ ರುಬ್ಬಿ ತಲೆ ತುಂಬಾ ಮೆತ್ತಿದ್ದಾಯಿತು. ತೊಳೆಯಲು ಹೋದರೆ ನಲ್ಲಿಯಲ್ಲಿ ನೀರಿಲ್ಲ. ಬೋರಿನ ಮೋಟಾರ್ ಹಾಕೋಣವೆಂದರೆ ಕರೆಂಟಿಲ್ಲ. ಅದು ಬರುವಷ್ಟರಲ್ಲಿ ಹಿಟ್ಟು ಒಣಗಿ ಹೆಲ್ಮೆಟ್ ಆಗಿತ್ತು. ಎಷ್ಟು ತಿಕ್ಕಿ ತೊಳೆದರೂ ವಾಸನೆ ಹೋಗಲಿಲ್ಲ. ಸಂಜೆ ಟ್ಯೂಷನ್‌ನಲ್ಲಿ ಪಕ್ಕದ ಹುಡುಗ, "ನಿಮ್ಮನೇಲಿ ಇವತ್ತು ಮೆಂತ್ಯದ ದೋಸೆನಾ?" ಅಂತ ಕೇಳಿದನಂತೆ. ಅವತ್ತಿನಿಂದ ನಮ್ಮವನಿಗೆ ಅದೇ ಹೆಸರು.

ಕೊನೆಗೆ ಅತ್ತೆ ಮುಡಿ ಹರಕೆಯ ಮಾತು ತೆಗೆದರು. ಸ್ಕೂಲ್ ಡೇ ನಾಟಕದಲ್ಲಿ ಹುಡುಗನಿಗೆ ರಾಜನ ಪಾತ್ರ. "ಬೋಳು ರಾಜ ಎಲ್ಲಾದ್ರೂ ಇದಾನಾ ಅಜ್ಜಿ?" ಅಂತ ಅತ್ತೇ ಬಿಟ್ಟ. ಹರಕೆ ಬೇಡ, ಸುಮ್ನೆ ಸಣ್ಣಗೆ ಕಟಿಂಗ್ ಮಾಡಿಸೋಣ ಅಂತ ಸಲೂನಿಗೆ ಕರೆದುಕೊಂಡು ಹೋದೆ. ಸಲೂನಿನವರು ಕೂದಲು ಬಿಡಿಸಿ ನೋಡಿ ಮಶೀನ್ ಕೆಳಗಿಟ್ಟರು. "ಅಕ್ಕಾ, ಗಾಯ ಇದೆ. ನಾನು ಮುಟ್ಟಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ." ಇಡೀ ಪ್ರಕರಣದಲ್ಲಿ ನೆಟ್ಟಗೆ ಮಾತಾಡಿದ ಮೊದಲನೇ ವ್ಯಕ್ತಿ ಅವರು. ದುಡ್ಡೂ ತೆಗೆದುಕೊಳ್ಳಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲೈಟ್ ಹಿಡಿದು ಇಡೀ ತಲೆ ನೋಡಿದರು. ದುಂಡಗೆ ಕೂದಲು ಉದುರಿದೆಯಾ, ಬುಡದಲ್ಲೇ ತುಂಡಾಗಿದೆಯಾ, ಕತ್ತಿನಲ್ಲಿ ಗಂಟು ಇದೆಯಾ ಅಂತೆಲ್ಲ ಹುಡುಕಿದರು. ಹಾಗಿದ್ದರೆ ತಲೆಯ ಹುಳುಕಡ್ಡಿ ಇರಬಹುದು. ಅದಕ್ಕೆ ಶಾಂಪೂ ಒಂದೇ ಸಾಲದು, ವಾರಗಟ್ಟಲೆ ಮಾತ್ರೆ ನುಂಗಬೇಕು, ಅದು ಬಾಚಣಿಗೆ ಟವೆಲ್ ಮೂಲಕ ಇನ್ನೊಬ್ಬರಿಗೂ ಅಂಟುತ್ತದೆ ಅಂದರು. ಇವನಿಗೆ ಅದಿರಲಿಲ್ಲ.

"ಏನೇನು ಹಚ್ಚಿದೀರಿ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಶುರು ಮಾಡಿದ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ನಿಂಬೆರಸ, ಮೊಸರು, ಮೆಂತ್ಯ, ಬೇವಿನ ಸೊಪ್ಪು, ಸೀಗೆಪುಡಿ. ಡಾಕ್ಟರು ಬರೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಪೆನ್ನು ಮುಚ್ಚಿಟ್ಟರು.

ಆಮೇಲೆ ಹೇಳಿದರು: ಇದು ಒಣ ತಲೆಯೇ ಅಲ್ಲ. ನೋಡಲು ಹಾಗಿದೆ, ಅಷ್ಟೆ. ಮಲಸೀಜಿಯ ಅನ್ನುವ ಒಂದು ಶಿಲೀಂಧ್ರ ಎಲ್ಲರ ನೆತ್ತಿಯ ಮೇಲೂ ಇರುತ್ತದೆ. ಅದರ ಊಟವೇ ಜಿಡ್ಡು. ಹನ್ನೆರಡು ಹದಿಮೂರರ ವಯಸ್ಸಿಗೆ ಚರ್ಮ ತಾನೇ ಜಿಡ್ಡು ಜಾಸ್ತಿ ಮಾಡಲು ಶುರು ಮಾಡುತ್ತದೆ. ಶಿಲೀಂಧ್ರ ಅದನ್ನು ತಿಂದು ಉಳಿಸುವ ಆಮ್ಲ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಆಗ ಕಡಿತ, ಕೆಂಪು. ನಿಧಾನಕ್ಕೆ ಉದುರಬೇಕಾದ ಚರ್ಮ ಅವಸರವಾಗಿ, ಹೊಟ್ಟಾಗಿ ಉದುರುತ್ತದೆ. ಅದರ ಮೇಲೆ ನೀವು ಲೀಟರ್‌ಗಟ್ಟಲೆ ಎಣ್ಣೆ ಬಡಿಸಿದ್ದೀರಿ. ಸದ್ಯಕ್ಕೆ ಎಣ್ಣೆ ಬಂದ್.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು, "ನಿಮ್ಮೂರು ಯಾವುದಮ್ಮ?"

"ಅರಸೀಕೆರೆ."

ಬೆಂಗಳೂರೋ ಬಳ್ಳಾರಿಯೋ ಆಗಿದ್ದರೆ ಅತ್ತೆ ಕ್ಷಮಿಸುತ್ತಿದ್ದರು. ತಿಪಟೂರಿನ ಪಕ್ಕದ ಊರು, ಊರ ತುಂಬಾ ತೆಂಗು. ಅಲ್ಲಿಯ ಹೆಣ್ಣುಮಗಳ ಬಾಯಲ್ಲಿ ಈ ಮಾತು! ಅವರ ಮುಖ ನೋಡಿ ಡಾಕ್ಟರಿಗೇ ಪಾಪ ಅನ್ನಿಸಿರಬೇಕು. ಎಳೆ ಕೂಸುಗಳ ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟುತ್ತಲ್ಲ, ಅದಕ್ಕೆ ಸ್ವಲ್ಪ ಎಣ್ಣೆ ಸವರಿ ಮೆತ್ತಗೆ ಮಾಡಿ ತೊಳೆದರೆ ತಪ್ಪಿಲ್ಲ ಅಂದರು. ಅತ್ತೆ ಇಷ್ಟನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಬೀದಿಯಲ್ಲೆಲ್ಲ ಈಗಲೂ "ಡಾಕ್ಟ್ರೇ ಎಣ್ಣೆ ಒಳ್ಳೇದು ಅಂದ್ರು" ಅಂತಲೇ ಹೇಳುತ್ತಾರೆ.

ಚೀಟಿಯಲ್ಲಿ ಬರೆದದ್ದು ಕೀಟೊಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ. ಗಾಯವಿದ್ದ ಕಡೆಗೆ ಒಂದು ಲೋಷನ್. ಅದರಲ್ಲಿ ಸ್ಟೀರಾಯ್ಡ್ ಇದೆ, ಕೆಲವೇ ದಿನ, ಆಮೇಲೆ ನೀವಾಗೇ ಮುಂದುವರಿಸಬೇಡಿ ಅಂತ ಒತ್ತಿ ಹೇಳಿದರು. ಉಗುರು ಕತ್ತರಿಸಿ. ವಾಸಿಯಾದ ಮೇಲೂ ಆಗಾಗ ತಿರುಗಿ ಬರಬಹುದು, ಹೆದರಬೇಡಿ. ಇದು ಅಂಟುಜಾಡ್ಯವಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ಈ ಕೊನೆಯ ಮಾತು ಕೇಳಿ ಹುಡುಗ ನನ್ನನ್ನು ನೋಡಿದ ರೀತಿ, ಆ ವಾರವೆಲ್ಲ ನಾನು ಅವನ ಸ್ನಾನದ ಬಗ್ಗೆ ಚಕಾರ ಎತ್ತಲಿಲ್ಲ.

ಯಜಮಾನರು ರಾತ್ರಿ ಮೊಬೈಲಿನಲ್ಲಿ ಓದಿಕೊಂಡರು. ಈ ಶಿಲೀಂಧ್ರದ ಹೆಸರಿನ ಹಿಂದೆ ಮಲಸೇ ಎಂಬ ಫ್ರೆಂಚ್ ವಿಜ್ಞಾನಿ ಇದ್ದಾರಂತೆ, 1874ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರಂತೆ. ಮಾರನೇ ದಿನ ರೈಲಿನಲ್ಲಿ ವಿಷಯ ಮಂಡನೆಯಾಯಿತು. ನಿಂಬೆಹಣ್ಣು ಹೇಳಿದವರೇ, "ನಾನು ಆವತ್ತೇ ಅನ್ಕೊಂಡೆ, ಇದು ಫಂಗಸ್ಸೇ" ಅಂದರಂತೆ.

ಶಾಂಪೂವಿನಲ್ಲಿ ಒಂದೇ ತಾಪತ್ರಯ. ಹಚ್ಚಿದ ತಕ್ಷಣ ತೊಳೆಯುವ ಹಾಗಿಲ್ಲ, ನೆತ್ತಿಯ ಮೇಲೆ ಐದು ನಿಮಿಷ ಇರಬೇಕು. ಹುಡುಗನ ಲೆಕ್ಕದಲ್ಲಿ ಐದು ನಿಮಿಷ ಅಂದರೆ ಇಪ್ಪತ್ತು ಸೆಕೆಂಡ್. ಹಾಗಾಗಿ ಕಾವಲು ಕೆಲಸ ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ಕೈಗೆ ಎಣ್ಣೆಯ ಕೆಲಸವಿಲ್ಲದೆ ಬೇಜಾರಾಗಿತ್ತು ಅಂತ ಕಾಣುತ್ತೆ. ಗಡಿಯಾರ ಅವರಿಗೆ ಬೇಡ. ಬಚ್ಚಲಿನ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಶಿವನ ಅಷ್ಟೋತ್ತರ ಹೇಳುತ್ತಾರೆ. ನೂರೆಂಟು ಹೆಸರು ಮುಗಿದರೆ ತೊಳೆಯಲು ಅನುಮತಿ. ಮೊನ್ನೆ ಬುಧವಾರ ಒಳಗಿನಿಂದ, "ಅಜ್ಜೀ, ಕಣ್ಣಿಗೆ ನೊರೆ ಹೋಗ್ತಿದೆ, ಬೇಗ ಬೇಗ ಹೇಳು" ಅಂತ ಕೂಗಿದ. ಅತ್ತೆಗೆ ಲೆಕ್ಕ ತಪ್ಪಿತು.

"ಥೂ, ಎಲ್ಲಿಗೆ ಬಂದಿದ್ದೆ ಮರೆತೇಹೋಯ್ತು ನೋಡು" ಅಂತ ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ "ಓಂ ಶಿವಾಯ ನಮಃ" ಅಂತ ಶುರು ಮಾಡಿದರು.