ಜಂಗಿ ನಿಕಾಲಿ

ಬೆಳಗಾವಿ, ಬಾಗಲಕೋಟೆ ಕಡೆ ಜಾತ್ರೆಯ ಹ್ಯಾಂಡ್‌ಬಿಲ್ಲಿನಲ್ಲಿ ‘ಜಂಗಿ ನಿಕಾಲಿ ಕುಸ್ತಿ’ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಒಬ್ಬ ಚಿತ್ ಆಗಿ ಬೆನ್ನಿಗೆ ಮಣ್ಣು ಹತ್ತುವ ತನಕ ಬಿಡುವುದಿಲ್ಲ, ನಿಕಾಲ, ಅಂದರೆ ತೀರ್ಮಾನ, ಆಗಲೇಬೇಕು ಎಂದರ್ಥ. ಟಿವಿ ಕಂಪನಿಗಳು ಮಾತ್ರ ಇದನ್ನು ಹಿಂದಿಯಲ್ಲಿ ಓದಿಕೊಂಡಿವೆ: ಕುಸ್ತಿ ಬಲ್ಲವನನ್ನು ನಿಕಾಲೋ, ಹೊರಗೆ ಹಾಕು.

ಹಾದಿ ಹಾಕಿಕೊಟ್ಟದ್ದು ಅಮೆರಿಕದ ಕ್ರೀಡಾ ಚಾನೆಲ್ಲು ಇಎಸ್‌ಪಿಎನ್. 2011ರಲ್ಲಿ ಸುಮಾರು 10 ಕೋಟಿ ಮನೆಗಳಲ್ಲಿದ್ದ ಚಾನೆಲ್ಲು 2017ರ ಹೊತ್ತಿಗೆ 9 ಕೋಟಿಗಿಂತ ಕೆಳಗಿಳಿಯಿತು. ಸೋಮವಾರ ರಾತ್ರಿಯ ಫುಟ್‌ಬಾಲ್ ಹಕ್ಕಿಗೆ ವರ್ಷಕ್ಕೆ ಸುಮಾರು 190 ಕೋಟಿ ಡಾಲರ್ ಎಣಿಸುತ್ತಲೇ, ಆ ಏಪ್ರಿಲ್‌ನಲ್ಲಿ ಸುಮಾರು 100 ಜನರನ್ನು ಮನೆಗೆ ಕಳಿಸಿತು. ಕೇಬಲ್ ಕಿತ್ತವರು ನೋಡುಗರು, ಕತ್ತರಿ ಬಿದ್ದದ್ದು ವರದಿಗಾರರ ಪಗಾರಕ್ಕೆ. 2023ರ ಜೂನ್ ಕೊನೆಗೆ ಮತ್ತೆ 20ರಷ್ಟು ಪರಿಚಿತ ಮುಖಗಳು ಹೋದವು.

ನಮ್ಮಲ್ಲಿ ಐಪಿಎಲ್‌ನ 2023ರಿಂದ 27ರವರೆಗಿನ ಪ್ರಸಾರ ಹಕ್ಕು ಹರಾಜಾದದ್ದು 48,390 ಕೋಟಿ ರೂಪಾಯಿಗೆ. ಲೆಕ್ಕಕ್ಕೆ ಹಿಡಿದದ್ದು 410 ಪಂದ್ಯ, ಅಂದರೆ ಪಂದ್ಯಕ್ಕೆ 118 ಕೋಟಿ. 240 ಎಸೆತಕ್ಕೆ ಹಂಚಿದರೆ ಒಂದು ಎಸೆತಕ್ಕೆ 49 ಲಕ್ಷ. ರನ್ನೇ ಬಾರದ ಒಂದು ಡಾಟ್ ಬಾಲಿನ ದುಡ್ಡಿನಲ್ಲಿ ಜಿಲ್ಲೆಯ ವರದಿಗಾರನೊಬ್ಬನನ್ನು ತಿಂಗಳಿಗೆ 25 ಸಾವಿರದಂತೆ 16 ವರ್ಷ ಸಾಕಬಹುದು. ಡಾಟ್ ಬಾಲನ್ನು ಯಾರೂ ‘ಹೊರೆ’ ಅನ್ನುವುದಿಲ್ಲ.

ಕುಸ್ತಿಯಂತೆ ಕೆಲಸದಿಂದ ತೆಗೆಯುವುದಕ್ಕೂ ಡಾವುಗಳು, ಅಂದರೆ ಪಟ್ಟುಗಳು, ಇವೆ. ಬೆಳಿಗ್ಗೆ ಐಡಿ ಕಾರ್ಡು ಬಾಗಿಲಿಗೆ ಹಿಡಿದರೆ ಸದ್ದು ಬರುವುದಿಲ್ಲ. ಆಮೇಲೆ ವಿಡಿಯೊ ಕರೆ, ಐದಾರು ನಿಮಿಷ. ಕೊನೆಗೆ ಟೈಪು ಮಾಡಿಟ್ಟ ರಾಜೀನಾಮೆ, ಸಹಿ ಮಾತ್ರ ವರದಿಗಾರನದು. ಕಂಪನಿ ತೆಗೆಯಿತು ಎಂದಾದರೆ ಪರಿಹಾರದ ಮಾತು ಏಳುತ್ತದೆ, ತಾನೇ ಬಿಟ್ಟ ಎಂದಾದರೆ ಏಳುವುದಿಲ್ಲ. 2025ರ ನವೆಂಬರ್ ತನಕ ಗ್ರಾಚ್ಯುಟಿಗೆ ಐದು ವರ್ಷ ಬೇಕಿತ್ತಲ್ಲ, ಹಾಗಾಗಿ ನಾಲ್ಕು ವರ್ಷ ಮೂರು ತಿಂಗಳಾದವನು ಪಟ್ಟಿಯ ತಲೆಯಲ್ಲೇ ಇರುತ್ತಿದ್ದ. ಪತ್ರಿಕೆಯ ವರದಿಗಾರನಿಗೆ ಮೂರು ತಿಂಗಳ, ಸಂಪಾದಕನಿಗೆ ಆರು ತಿಂಗಳ ನೋಟಿಸು ಎಂದು ಬರೆದದ್ದು 2025ರ ನವೆಂಬರ್ ತನಕ ಇದ್ದ 1955ರ ಕಾಯ್ದೆ. ದೇಶಕ್ಕೆ ಟಿವಿ ಬಂದದ್ದೇ 1959ರಲ್ಲಿ. ಬಡ ಕಾಯ್ದೆಗೆ ಆ ಪೆಟ್ಟಿಗೆಯ ಕನಸೂ ಬಿದ್ದಿರಲಿಲ್ಲ. ಇನ್ನು ಪಿಎಫ್. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ತುಂಬದಿದ್ದರೆ ಎರಡು ತಿಂಗಳು ಕಾದು, ಒಟಿಪಿ ಒತ್ತಿ, ತನ್ನ ನಿಕಾಲದ ತಾರೀಖನ್ನು ತಾನೇ ಬರೆದುಕೊಳ್ಳಬೇಕು.

ಉಳಿದ ಒಬ್ಬ ಸ್ಟ್ರಿಂಗರನಿಗೆ, ಅಂದರೆ ಬಿಡಿ ವರದಿಗಾರನಿಗೆ, ಮೂರು ಜಿಲ್ಲೆ. ಬೆಳಿಗ್ಗೆ ಕಬ್ಬಿನ ಬಿಲ್ಲಿನ ಧರಣಿ, ಮಧ್ಯಾಹ್ನ ಆಲಮಟ್ಟಿ ನೀರು, ಸಂಜೆ ಮುಧೋಳ ಕಡೆ ಕುಸ್ತಿ. ಸುದ್ದಿಗಿಷ್ಟು ಎಂದು ದುಡ್ಡು, ಪ್ರಸಾರವಾಗದಿದ್ದರೆ ಅದೂ ಇಲ್ಲ, ಪೆಟ್ರೋಲು ಅವನದೇ. ಮೊದಲು ನಾಲ್ಕಾರು ಸಿಮ್ಮಿನ ಬ್ಯಾಕ್‌ಪ್ಯಾಕ್ ಇರುತ್ತಿತ್ತು. ಬೇರೆ ಬೇರೆ ಕಂಪನಿಯ ಸಿಗ್ನಲ್ ಕೂಡಿಸಿ ದೃಶ್ಯ ದೂಡುತ್ತಿತ್ತು. ಈಗ ಬರೀ ಫೋನು. ಜಾತ್ರೆಯ ಜನವೆಲ್ಲ ಒಂದೇ ಟವರಿಗೆ ಜೋತುಬಿದ್ದಿರುವಾಗ ವಿಡಿಯೊ 12 ಪರ್ಸೆಂಟಿಗೆ ಬಂದು ಕೂಡುತ್ತದೆ. ಅಷ್ಟರಲ್ಲಿ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಷಿಣ ಕಲಸಿ ಹದ ಮಾಡಿದ ಕೆಂಪು ಮಣ್ಣಿನ ಮೇಲೆ ಮುಂದಿನ ಜೋಡಿ ಕೈಕೈ ಹಿಡಿದಿರುತ್ತದೆ, ಹಲಗಿಯ ಸದ್ದು ಏರಿರುತ್ತದೆ, ಬೆಂಗಳೂರಿನ ಡೆಸ್ಕಿನಿಂದ ಫೋನು.

“ಏನ್ರೀ, ಹೇಗೆ ಗೆದ್ದ?”

“ಏಕಲಂಗಿ ಡಾವ್ ಹಾಕಿ ಚಿತ್ ಮಾಡ್ಯಾನ್ರೀ ಸರ್.”

“ಏಕಾಂಗಿನಾ? ಒಬ್ಬನೇನಾ?”

ಡೆಸ್ಕಿನಲ್ಲಿ ಏಕಲಂಗಿ ಬಲ್ಲವನೊಬ್ಬನಿದ್ದ. ಹೋದ ತಿಂಗಳು ಅವನ ಕಾರ್ಡಿಗೂ ಸದ್ದು ಬರಲಿಲ್ಲ. ಸ್ಟುಡಿಯೋದಲ್ಲಿ ಆರು ಕಿಟಕಿ, ಆರು ಬಾಯಿ, ಆಟಗಾರನ ಜಾತಕ ಹಿಡಿದ ಜ್ಯೋತಿಷಿ ಎಲ್ಲರೂ ಕ್ಷೇಮ. ಕೆಳಗೆ ಕೆಂಪು ಪಟ್ಟಿಯಲ್ಲಿ ಓಡುತ್ತದೆ: ‘ಏಕಾಂಗಿಯಾಗಿ ಹೋರಾಡಿ ಗೆದ್ದ ಪೈಲ್ವಾನ!’

ಚಹಾದ ಅಂಗಡಿಯ ಟಿವಿಯಲ್ಲಿ ಇದನ್ನು ಓದಿದ ಸೋತ ಪೈಲ್ವಾನ, ಕಿವಿಯಲ್ಲಿನ ಮಣ್ಣು ಕೊಡವುತ್ತ ಕೇಳುತ್ತಾನೆ: “ಹಂಗಾರ ಚಿತ್ ಆದಾಂವ ಯಾರ್ರೀ?”