ಡಬ್ಬಿ ನಾನೇ ಮೊದಲು ನೋಡಿದ್ದು ತಪ್ಪಾಯ್ತು

ಇಂಗ್ಲೆಂಡಿನ ಡೆವನ್‌ಗೆ ಬಂದ ಮೊದಲ ವರ್ಷ ನಾವು ಎಲ್ಲಿಗೇ ಹೋದರೂ ನಮ್ಮೂರಿನ ಕ್ರಮದಲ್ಲೇ ಹೋಗುತ್ತಿದ್ದೆವು. ಕಾರಿನಿಂದ ಇಳಿಯುವುದು, ಮಗಳಿಗೆ "ನೋಡು ಪುಟ್ಟೀ, ಎಷ್ಟು ಚೆನ್ನಾಗಿದೆ" ಅನ್ನುವುದು, ಫೋಟೊ, ಬುತ್ತಿ, ವಾಪಸ್. ಎಂಟು ವರ್ಷದ ಅವಳು ಹತ್ತೇ ನಿಮಿಷಕ್ಕೆ "ಮನೆಗೆ ಯಾವಾಗ?" ಅಂತ ಶುರು ಮಾಡುತ್ತಿದ್ದಳು. ಪಾಪ, ಫೋಟೊಗೆ ನಿಲ್ಲುವುದು ಬಿಟ್ಟರೆ ಅವಳಿಗೆ ಅಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯವರು ಡಾರ್ಟ್‌ಮೂರ್‌ಗೆ ಕರೆದರು. ಬೋಳು ಗುಡ್ಡಗಳು, ತುದಿಯಲ್ಲಿ ಯಾರೋ ಜೋಡಿಸಿಟ್ಟ ಹಾಗಿರುವ ಗ್ರಾನೈಟ್ ಬಂಡೆಗಳು. ಅವಕ್ಕೆ ಇಲ್ಲಿ ಟಾರ್ ಅನ್ನುತ್ತಾರೆ. ಅವರ ಮಕ್ಕಳ ಚೀಲದಲ್ಲಿ ದಿಕ್ಸೂಚಿ, ಇಂಕ್ ಪ್ಯಾಡ್, ಒಂದು ರಬ್ಬರ್ ಸೀಲು, ಒಂದು ನೋಟ್‌ಬುಕ್. ಲೆಟರ್‌ಬಾಕ್ಸಿಂಗ್ ಅಂತೆ. ಯಾರೋ ಬಂಡೆ ಸಂದಿಯಲ್ಲಿ ಡಬ್ಬಿ ಅಡಗಿಸಿಟ್ಟು ಸುಳಿವು ಬರೆದಿರುತ್ತಾರೆ. ಹುಡುಕಿ ತೆಗೆದರೆ ಒಳಗೂ ಒಂದು ಸೀಲು, ಒಂದು ಪುಸ್ತಕ. ಅದರ ಸೀಲು ನಮ್ಮ ಪುಸ್ತಕಕ್ಕೆ, ನಮ್ಮದು ಅದರ ಪುಸ್ತಕಕ್ಕೆ. ಮತ್ತೆ ಮುಚ್ಚಿ ಇದ್ದಲ್ಲೇ ಇಡಬೇಕು. ಹಳೇ ಕಲ್ಲಿನ ಗೋಡೆ, ಪುರಾತನ ಕಲ್ಲುಗಳ ಒಳಗೆ ಮಾತ್ರ ಯಾರೂ ಡಬ್ಬಿ ಇಡುವಂತಿಲ್ಲ.

ಇದು ಹೊಸ ಹುಚ್ಚಲ್ಲ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿ ತೋರಿಸುವವನು ಕ್ರಾನ್‌ಮಿಯರ್ ಪೂಲ್ ಎಂಬ ದೂರದ ಜೌಗಿನಲ್ಲಿ ಒಂದು ಬಾಟಲಿ ಇಟ್ಟನಂತೆ, ಅಲ್ಲಿವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿ ಹಾಕಲಿ ಅಂತ. ಆಮೇಲೆ ಜನ ತಮ್ಮದೇ ವಿಳಾಸ ಬರೆದ ಕಾರ್ಡು ಬಿಟ್ಟು ಬರತೊಡಗಿದರು. ಮುಂದೆ ಬಂದವರು ಅದನ್ನು ಒಯ್ದು ಅಂಚೆಗೆ ಹಾಕಬೇಕು. ಕಾರ್ಡು ಮನೆಗೆ ಬಂತೆಂದರೆ ತಮ್ಮ ನಂತರ ಯಾರೋ ಅಲ್ಲಿಗೆ ಹೋಗಿದ್ದಾರೆ ಅಂತ ಲೆಕ್ಕ. ನನ್ನ ಮಗಳಿಗೆ ಇದನ್ನು ಹೇಳಿದ್ದೇ ತಡ, ಅವಳ ಕಾಲಿಗೆ ಎಲ್ಲಿಂದಲೋ ಶಕ್ತಿ ಬಂತು.

ಎರಡು ಗಂಟೆ ನಡೆದಳು! ಅವತ್ತು "ಮನೆಗೆ ಯಾವಾಗ" ಇರಲಿಲ್ಲ. ಕೊನೆಗೆ ಸುಳಿವಿನಲ್ಲಿ ಹೇಳಿದ ಬಂಡೆಯ ಹತ್ತಿರ ಬಂದೆವು. ಅವಳು ಆ ಕಡೆ ತಡಕುತ್ತಿದ್ದಾಗ ನನಗೆ ಈ ಕಡೆ ಡಬ್ಬಿಯ ಮೂಲೆ ಕಂಡಿತು. "ಇಲ್ಲಿದೆ ನೋಡು!" ಅಂದುಬಿಟ್ಟೆ.

ಅವಳು ಬಂಡೆ ಮೇಲೆ ಕೂತು ಅತ್ತಳು. "ಅಪ್ಪಾ, ನೀನ್ಯಾಕೆ ಹೇಳ್ದೆ?"

ಪಕ್ಕದ ಮನೆಯಾತ ನಕ್ಕ. ಅವನಿಗೆ ಡಬ್ಬಿ ಆಗಲೇ ಕಂಡಿತ್ತಂತೆ. ಬೂಟಿನ ದಾರ ಕಟ್ಟುವ ನೆಪದಲ್ಲಿ ಕೂತಿದ್ದನಂತೆ.

ನಮ್ಮಲ್ಲಿ ಪ್ರೀತಿ ಅಂದರೆ ತುತ್ತು ಮಾಡಿ ಬಾಯಿಗಿಡುವುದು. ಊಟಕ್ಕೆ ಅದು ಸರಿ. ಹುಡುಕಾಟಕ್ಕೂ ಅದನ್ನೇ ಮಾಡಿದರೆ ಮಗುವಿಗೆ ಏನು ಉಳಿಯುತ್ತೆ? ಮಳೆ ವಿಷಯವೂ ಹಾಗೇ. ಇಲ್ಲಿಯವರು ಕೋಟು ತೊಡಿಸಿ ಹೊರಡುತ್ತಾರೆ. ನಮ್ಮಮ್ಮ ಫೋನಿನಲ್ಲಿ, "ಮಗೂಗೆ ನೆಗಡಿ ಆಗಲ್ವೇನೋ?" ಅನ್ನುತ್ತಾರೆ. ಆಗುತ್ತೆ, ಹೋಗುತ್ತೆ. ಹಾಗಂತ ಇವರು ಏನೂ ನೋಡದೆ ಬಿಡುವವರಲ್ಲ. ಡಾರ್ಟ್‌ಮೂರ್‌ನ ಉತ್ತರ ಭಾಗದಲ್ಲಿ ಸೇನೆಯ ಗುಂಡಿನ ಅಭ್ಯಾಸ ನಡೆಯುತ್ತೆ, ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಹೋಗುವಂತಿಲ್ಲ. ಈಗ ಬಾವುಟ ಇದೆಯಾ ಅಂತ ನೋಡುವ ಕೆಲಸ ನನ್ನ ಮಗಳದ್ದೇ.

ಆದರೆ ಎಲ್ಲದರಲ್ಲೂ ಇವರೇ ಮುಂದೆ ಅಂತ ನಾನು ಒಪ್ಪಲ್ಲ. ಇವರ ಸಾಹಸಕ್ಕೆ ನಕ್ಷೆ ಬೇಕು, ಸಮಯ ಗೊತ್ತಾಗಿರಬೇಕು, ಜತೆಗೆ ಅಪ್ಪ ಅಮ್ಮ ಇಬ್ಬರೇ. ನಾನು ಚಿಕ್ಕವನಿದ್ದಾಗ ಮದುವೆಮನೆಯಲ್ಲಿ ದೊಡ್ಡವರೆಲ್ಲ ಹರಟೆಗೆ ಕೂತರೆ ನಾವು ಹನ್ನೆರಡು ಮಕ್ಕಳು ಸಂಜೆವರೆಗೆ ಎಲ್ಲಿದ್ದೆವು ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮನ್ನು ಸಾಹಸಕ್ಕೆ ಯಾರೂ ಕರೆದುಕೊಂಡು ಹೋಗಲಿಲ್ಲ, ಸುಮ್ನೆ ಬಿಟ್ಟಿದ್ದರು ಅಷ್ಟೆ. ಇನ್ನು ಕಥೆಯಲ್ಲಂತೂ ನಮ್ಮಜ್ಜಿಯನ್ನು ಮೀರಿಸುವವರಿಲ್ಲ. ಡಾರ್ಟ್‌ಮೂರ್‌ನಲ್ಲೂ ಬೋವರ್‌ಮನ್ಸ್ ನೋಸ್ ಎಂಬ ಕಲ್ಲಿನ ಕಂಬವಿದೆ. ಬೋವರ್‌ಮನ್ ಎಂಬ ಬೇಟೆಗಾರ ಮಾಟಗಾತಿಯರ ಸಿಟ್ಟಿಗೆ ಕಲ್ಲಾದನಂತೆ, ಅವನ ನಾಯಿಗಳೇ ಹತ್ತಿರದ ಹೌಂಡ್ ಟಾರ್ ಆದವಂತೆ. ನಾನು ಅಲ್ಲಿ ನಿಂತು ಅಹಲ್ಯೆಯ ಕಥೆಯನ್ನೂ ಸೇರಿಸಿದೆ. "ಹಾಗಾದ್ರೆ ಇವನನ್ನ ಯಾರು ಮುಟ್ಟಿದ್ರೆ ಏಳ್ತಾನೆ?" ಅಂತ ಕೇಳಿದಳು. ಮುಟ್ಟಿಯೂ ನೋಡಿದಳು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವಳು ತೋಟದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಅಡಗಿಸಿದಳು. ಅಳಿಸುವ ರಬ್ಬರು ಕೆತ್ತಿ ನಾನು ಸೀಲು ಮಾಡಿಕೊಟ್ಟೆ. ಅಜ್ಜಿ ಸೀಲಿಲ್ಲದೆ ಹೆಬ್ಬೆಟ್ಟು ಒತ್ತಿದರು. ಈ ವರ್ಷ ಹೋಗಿ ನೋಡಿದರೆ ಡಬ್ಬಿ ಅಲ್ಲಿಲ್ಲ. ಅಣ್ಣನ ಮಕ್ಕಳು ಬೇರೆಲ್ಲೋ ಅಡಗಿಸಿ, ಸುಳಿವಿನ ಬದಲು ಅಜ್ಜಿ ಹತ್ತಿರ ಒಂದು ಒಗಟು ಬಿಟ್ಟಿದ್ದರು. ನನಗೆ ಉತ್ತರ ಗೊತ್ತಾಯ್ತು. ಬಾಯಿ ಬಿಡಲಿಲ್ಲ. ಅವಳು ಇನ್ನೂ ಹುಡುಕುತ್ತಿದ್ದಾಳೆ.